ತುದಿ ಸವೆದ ಕಠಾರಿ

ಬೈಲಹೊಂಗಲ
22 ಮೇ 2024, ಬುಧವಾರ ಮುಂಜಾನೆ

ಮಧೂನ ಅಪ್ಪಾಜಿಯವರಿಗೆ ಗಂಗಾಳ ಶರಣು.

ಬಿಪಿ ಮಾತ್ರೆಯ ಡಬ್ಬಿಯ ಜೊತೆ ಈ ಪತ್ರವನ್ನೂ ಇಟ್ಟು ಅಂದಾನೆಪ್ಪನ ಟೆಂಪೋದಲ್ಲಿ ಕಿತ್ತೂರಿಗೆ ಕಳಿಸುತ್ತಿದ್ದೇನೆ. ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಹೋಗುವವರು ಮಾತ್ರೆಯನ್ನಾದರೂ ನೆನಪಿನಿಂದ ಒಯ್ಯಬೇಕು. ನಿನ್ನೆಯಿಂದ ನಾನು ಫೋನ್ ಮಾಡಿದಾಗಲೆಲ್ಲ ನೀವು ಕಟ್ ಮಾಡುತ್ತೀರಿ. ನಿಮ್ಮ ಅಕ್ಕ ತಂಗೆವ್ವನವರಿಗೆ ಮಾಡಿದರೆ “ಅಂವ ಮಲಗ್ಯಾನವಾ” ಎನ್ನುತ್ತಾರೆ. ಹಗಲು ಹೊತ್ತಿನಲ್ಲಿ ನೀವು ಮಲಗಿದ್ದನ್ನು ಮೂವತ್ತು ವರ್ಷದಲ್ಲಿ ನಾನು ಕಂಡಿಲ್ಲ. ವಿಷಯವನ್ನು ಅವರಿಗೇ ಹೇಳಿಬಿಡಬಹುದಿತ್ತು, ಆದರೆ ಅವರ ಕಿವಿಗೆ ಬಿದ್ದರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ. ಅದಕ್ಕೇ ಈ ಪತ್ರ. ಬಾಗಿಲು ಹಾಕಿಕೊಂಡು, ಕೊನೆಯ ಸಾಲಿನವರೆಗೂ ಓದಿ.

‘ನಾವೆಲ್ಲ ಕ್ಷೇಮ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ನಿಮ್ಮ ಗಾಜಿನ ಕಪಾಟಿನಲ್ಲಿ ಒಂದು ಕಠಾರಿ ಇಲ್ಲ. ಮಾವನವರ ಹೆಸರು ಬರೆದ ಚೀಟಿ ಇದೆ, ಅದರ ಮೇಲಿನ ಜಾಗ ಖಾಲಿ ಇದೆ. ಮಧು ನಿನ್ನೆ ಮಧ್ಯಾಹ್ನ ಹೊರಗೆ ಹೋದವನು ಇನ್ನೂ ಮನೆಗೆ ಬಂದಿಲ್ಲ. ಅವನ ಫೋನ್ ಬಂದ್ ಆಗಿದೆ.

ಇವನ್ನು ಬೇರೆ ಬೇರೆ ಮಾತಾಗಿಯೇ ಬರೆಯುತ್ತಿದ್ದೇನೆ. ತಲೆಯೊಳಗೆ ಮಾತ್ರ ಅವು ಬೇರೆ ಬೇರೆಯಾಗಿ ನಿಲ್ಲುತ್ತಿಲ್ಲ.

ಕಪಾಟಿನ ಬೀಗ ಯಾರೂ ಒಡೆದಿಲ್ಲ. ಕೀಲಿಯನ್ನು ದೇವರ ಜಗಲಿಯ ಹಿಂದೆ ಇಡುವುದು ನಮ್ಮ ಮೂವರಿಗೇ ಗೊತ್ತು. ನೀವು ಕಿತ್ತೂರಿನಲ್ಲಿದ್ದೀರಿ, ನಾನು ಇಲ್ಲಿದ್ದೇನೆ. ಇನ್ನು ಉಳಿದವನು ಯಾರು ಎಂದು ಬರೆಯಲು ನನಗೆ ಧೈರ್ಯವಿಲ್ಲ.

ಮುಂಜಾನೆಯಿಂದ ಆ ಕಪಾಟಿನ ಮುಂದೆ ಹೋಗಿ ನಿಲ್ಲುವುದೇ ನನ್ನ ಕೆಲಸವಾಗಿದೆ. ನೀವು ಮೊದಲು ಹೀಗಿರಲಿಲ್ಲ. ಬಜಾರದ ಕಬ್ಬಿಣದ ಅಂಗಡಿಯಲ್ಲಿ ಮೊಳೆ, ತಂತಿ, ಸಲಿಕೆ ಮಾರಿಕೊಂಡು ತಣ್ಣಗೆ ಇದ್ದವರು. ಸಂಗೊಳ್ಳಿಯ ಮುದುಕನೊಬ್ಬ ಗುಜರಿಗೆ ಹಾಕಲು ತಂದ ಬಾಗಿದ ಕುಕ್ರಿಯ ಮೇಲೆ ಬ್ರಿಟಿಷ್ ಸರಕಾರದ ಬಾಣದ ಗುರುತು, ಅದರ ಕೆಳಗೆ 1943 ಎಂದು ಕೊರೆದದ್ದನ್ನು ಕಂಡಿರಿ ನೋಡಿ, ಅಂದಿನಿಂದ ಹುಚ್ಚು ಹಿಡಿಯಿತು. ಯಾರ ಮನೆಯ ಅಜ್ಜ ಪಲ್ಟನ್ನಿಗೆ ಹೋಗಿದ್ದ ಎಂದು ಕೇಳಿದರೂ ಸಾಕು, ಊಟದ ತಾಟು ಬಿಟ್ಟು ಏಳುತ್ತೀರಿ. ಬಂದೂಕಿನ ತುದಿಗೆ ಸಿಕ್ಕಿಸುವ ಸಂಗೀನು, ದಬ್ಬಣ ಕೂಡಿಸಿದ ಮಡಚುವ ಚಾಕು, ಜಪಾನಿಯರದು, ಬ್ರಿಟಿಷರದು ಎಲ್ಲ ಬಂದವು. ನನ್ನ ಹುಟ್ಟಿದ ದಿನ ಯಾವುದು ಎಂದು ಕೇಳಿದರೆ ತಡವರಿಸುತ್ತೀರಿ, ಯಾವ ಸಂಗೀನು ಯಾವ ಕಾರ್ಖಾನೆಯಲ್ಲಿ ತಯಾರಾಯಿತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೀರಿ. ಅವಕ್ಕೆ ಹಸಿರು ಬಟ್ಟೆ ಹಾಸಿದಿರಿ, ಗಾಜು ಕೂರಿಸಿದಿರಿ, ದೀಪ ಹಚ್ಚಿದಿರಿ. ನನ್ನ ಅಡುಗೆಮನೆಯ ಬಲ್ಬು ಹೋಗಿ ತಿಂಗಳಾಯಿತು. ಇರಲಿ, ಅದು ಈಗಿನ ಮಾತಲ್ಲ.

ಎಲ್ಲದರ ನಡುವೆ ಮಾವನವರ ಕಠಾರಿ. ಎರಡೂ ಅಂಚು ಹರಿತವಿರುವ, ಕಪ್ಪಗಿನ ಸಪೂರ ಕಠಾರಿ. ನಮ್ಮಪ್ಪ ಇಟಲಿಯ ಯುದ್ಧದಿಂದ ಸೊಂಟಕ್ಕೆ ಕಟ್ಟಿಕೊಂಡು ಬಂದದ್ದು ಎಂದು ಬಂದವರಿಗೆಲ್ಲ ತೋರಿಸುತ್ತೀರಿ. ಹೋದ ವಾರ ಸ್ನೇಹಲ್‌ಳ ತಾಯಿ ಬಂದಾಗಲೂ ಅದನ್ನೇ ತೋರಿಸಿದಿರಿ.

ಆ ಹೆಣ್ಣುಮಗಳು ರಾಮದುರ್ಗದಿಂದ ಮಾವಿನಹಣ್ಣಿನ ಚೀಲ ಹಿಡಿದು ಬಂದಿದ್ದಳು. ಗಂಡ ಇಲ್ಲದ ಹೆಂಗಸು. ನಮ್ಮ ಮಗ ಡ್ರಿಲ್ ಮಾಸ್ತರ ಇರುವ ಸಾಲೆಯಲ್ಲೇ ಅವಳ ಮಗಳು ಗಣಿತ ಕಲಿಸುತ್ತಾಳೆ, ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದಾರೆ, ಹಿರಿಯರು ಕೂತು ಮಾತಾಡೋಣ ಎಂದು ಎಷ್ಟು ಮರ್ಯಾದೆಯಿಂದ ಕೇಳಿದಳು. ನೀವು ಕಪಾಟಿನ ಮುಂದೆ ನಿಂತು ಏನು ಹೇಳಿದಿರಿ? “ಬಾಯಾರ, ನಮ್ಮದು ಕಠಾರಿ ಹಿಡದ ಮನಿತನ. ನಮ್ಮಪ್ಪ ಯುದ್ಧ ಮಾಡಿ ಬಂದಾಂವ. ಈ ಮನಿ ಹೊಸ್ತಲಾ ದಾಟಾಕ ಒಂದು ಯೋಗ್ಯತಾ ಬೇಕಾಗತೈತ್ರಿ.” ಅವಳು ಚಹದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದಳು. ಅವರು ಬೌದ್ಧರು, ನಾವು ಲಿಂಗಾಯತರು ಎಂಬ ಮಾತನ್ನು ನೀವು ಎತ್ತಲೇ ಇಲ್ಲ. ಎತ್ತದೆಯೇ ಎಲ್ಲ ಹೇಳಿದಿರಿ. ನಾನು ಬಾಗಿಲ ಹತ್ತಿರ ನಿಂತು ಸೆರಗಿನ ಚುಂಗು ಹಿಂಡುತ್ತಿದ್ದೆ.

ಮರುದಿನ ಅವಳ ಮಗ ಕಾಂತೇಶ ನಮ್ಮ ಅಂಗಡಿಗೆ ಬಂದು ಗಿರಾಕಿಗಳ ಮುಂದೆಯೇ ಕೂಗಾಡಿದ್ದು ನಿಮಗೆ ಗೊತ್ತೇ ಇದೆ. “ನಮ್ಮವ್ವಗ ಆಡಿದ ಮಾತು ನುಂಗಿಕೊಂಡು ಕುಂಡ್ರೂ ಮಂದಿ ನಾವಲ್ಲರಿ. ನಿಮ್ಮ ಮಗಾ ರಾಮದುರ್ಗದಾಗ ಕಾಲಿಟ್ಟರ ಕಾಲ ಮುರೀತೇನಿ” ಎಂದನಂತೆ. ಮಧು ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದನಂತೆ. ನಾಲ್ಕು ಜನ ಬಿಡಿಸಿದರು. ಆ ಸಂಜೆ ಮಧು ನಿಮಗೆ, “ಆ ಅವ್ವಗ ತಪ್ಪಾತು ಅನ್ನೂತನಕ ನಾ ನಿಮ್ಮ ಜೋಡಿ ಉಣ್ಣಾಂಗಿಲ್ಲ” ಎಂದ. ನೀವು ಚಪ್ಪಲಿ ಮೆಟ್ಟಿಕೊಂಡು ಕಿತ್ತೂರಿಗೆ ಹೋದಿರಿ. ಅಪ್ಪ ಮಗ ಇಬ್ಬರೂ ಮಾತು ನಿಲ್ಲಿಸಿ ಕೂತಿರಿ, ನಡುವೆ ನಾನು ಒಬ್ಬಳೇ ಗೋಡೆಯ ಜೊತೆ ಮಾತಾಡುತ್ತಿದ್ದೇನೆ.

ಅವನು ಬಾಯಿ ಮಾಡುವ ಹುಡುಗನಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಕೂಗಾಡುವವರ ಸಿಟ್ಟು ಹಾಲು ಉಕ್ಕಿದ ಹಾಗೆ, ನೀರು ಚಿಮುಕಿಸಿದರೆ ಇಳಿಯುತ್ತದೆ. ಇವನು ನಿಮ್ಮ ಹಾಗೆ, ಒಳಗೇ ಇಟ್ಟುಕೊಳ್ಳುತ್ತಾನೆ. ಮೊನ್ನೆ ಇಡೀ ದಿನ ಕಪಾಟಿನ ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಊಟಕ್ಕೆ ಕರೆದರೆ ‘ಹೂಂ’ ಎಂದ, ಬರಲಿಲ್ಲ. ಅವನು ಏನನ್ನು ನೋಡುತ್ತ ಕೂತಿದ್ದ ಎಂದು ಆಗ ನನಗೆ ಹೊಳೆಯಲಿಲ್ಲ.

ನಿಮ್ಮಿಂದ ಒಂದು ಮಾತು ಮುಚ್ಚಿಟ್ಟಿದ್ದೆ, ಈಗ ಹೇಳಿಬಿಡುತ್ತೇನೆ. ಸ್ನೇಹಲ್ ನನ್ನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ನೀವು ಚೂರಿ ಹುಡುಕಲು ಊರೂರು ತಿರುಗುವ ಭಾನುವಾರಗಳಲ್ಲೇ ನಮ್ಮ ಮಾತುಕತೆ. ಶೇಂಗಾ ಹೋಳಿಗೆಯ ಹೂರಣ ಸಡಿಲಾದರೆ ಏನು ಮಾಡಬೇಕು ಎಂದು ಕೇಳುತ್ತಾಳೆ, ನಾನು ಹೇಳುತ್ತೇನೆ. ಆ ಹುಡುಗಿ ನನಗೆ ಹಿಡಿಸಿದ್ದಾಳೆ. ಮುಂಜಾನೆಯಿಂದ ಅವಳಿಗೂ ಫೋನ್ ಮಾಡುತ್ತಿದ್ದೇನೆ. ರಿಂಗಾಗುತ್ತದೆ, ಎತ್ತುವವರಿಲ್ಲ. ಅವಳು ಹೀಗೆ ಮಾಡುವವಳಲ್ಲ.

ರೊಟ್ಟಿ ತಟ್ಟಲು ಕೂತೆ, ಹಂಚಿನ ಮೇಲೆ ಸುಟ್ಟು ಕರಿಯಾಯಿತು. ಬೀದಿಯಲ್ಲಿ ಮೋಟರ್‌ಸೈಕಲ್ ಸದ್ದಾದರೆ ಮಗ ಬಂದ ಎಂದು ಓಡುತ್ತೇನೆ, ಜೀಪಿನ ಸದ್ದಾದರೆ ಪೊಲೀಸರೆಂದು ಬಾಗಿಲ ಹಿಂದೆ ಸರಿಯುತ್ತೇನೆ. ಗಾಜಿನೊಳಗೆ ಇದ್ದಾಗ ಅವೆಲ್ಲ ಬರೀ ಹಳೆಯ ವಸ್ತುಗಳಾಗಿದ್ದವು. ಒಂದು ಹೊರಗೆ ಹೋದದ್ದೇ ತಡ, ಉಳಿದವೆಲ್ಲ ಚೂರಿಗಳಾಗಿ ಕಾಣುತ್ತಿವೆ. ಹೆತ್ತ ಮಗನ ಮೇಲೆ ಇಂಥ ಅನುಮಾನ ಪಡುತ್ತಿದ್ದೇನಲ್ಲ ಎಂದು ನನಗೇ ಅಸಹ್ಯವಾಗುತ್ತದೆ. ಪಡದೆ ಇರಲೂ ಆಗುತ್ತಿಲ್ಲ. ಅವನು ಕಾಂತೇಶನನ್ನು ಹುಡುಕಿಕೊಂಡು ಹೋಗಿದ್ದರೆ ಏನು ಗತಿ? ಪತ್ರ ಸಿಕ್ಕ ಕೂಡಲೇ ಫೋನ್ ಮಾಡಿ. ಪೊಲೀಸರಿಗೆ ಹೇಳಬೇಕೋ ಬೇಡವೋ ಅದನ್ನಾದರೂ ಹೇಳಿ. ಹೇಳಿದರೆ ಮಗನ ಹೆಸರು ಕೆಡುತ್ತದೆ, ಹೇಳದಿದ್ದರೆ ಏನಾಗುತ್ತದೋ ದೇವರೇ ಬಲ್ಲ.

ಅದೇ ದಿನ, ಮಧ್ಯಾಹ್ನ

ಅಂದಾನೆಪ್ಪನ ಟೆಂಪೋ ಪಂಕ್ಚರಾಗಿ ನಿಂತಿತು, ರಿಪೇರಿ ಮಾಡಿಸಿ ಹೊರಡುತ್ತಾನಂತೆ. ಮೇಲೆ ಬರೆದದ್ದನ್ನು ಹರಿದು ಹಾಕಬೇಕು ಎಂದುಕೊಂಡೆ. ಹಾಕಲಿಲ್ಲ. ಮುಂಜಾನೆ ನಾನು ಏನೇನು ಅಂದುಕೊಂಡೆ ಎಂದು ನಿಮಗೂ ತಿಳಿಯಲಿ.

ಬಿಸಿಲು ಏರಿದ ಮೇಲೆ ನಮ್ಮ ಬಾಗಿಲಿಗೆ ಒಂದು ಮೋಟರ್‌ಸೈಕಲ್ ಬಂದು ನಿಂತಿತು. ಕಿಟಕಿಯಿಂದ ನೋಡಿದರೆ ಕಾಂತೇಶ. ಒಬ್ಬನೇ. ನಾನು ಅಗುಳಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅವನು ಬಾಗಿಲು ಬಡಿದು, “ಕಾಕು, ಬಾಗಲಾ ತಗೀರಿ, ನಾ ಜಗಳಕ್ಕ ಬಂದಿಲ್ಲ” ಎಂದ. ನಾನು ಒಳಗಿನಿಂದಲೇ, “ನನ್ನ ಮಗ ಎಲ್ಲಿ ಅದಾನ ಅದನ್ನ ಹೇಳ ಮೊದಲ” ಎಂದು ಕೂಗಿದೆ. ಅವನು ನಗುತ್ತಿದ್ದನೋ ಏನೋ, “ನಮ್ಮ ಮನ್ಯಾಗ ಅರಿಷಿಣಾ ಹಚ್ಚಿಸಿಕೊಳ್ಳಾಕ ಹತ್ಯಾನ್ರಿ” ಎಂದ.

ಅಗುಳಿ ತೆಗೆಯಲು ಎಷ್ಟು ಹೊತ್ತು ಹಿಡಿಯಿತೋ, ಆ ಹುಡುಗ ಹೊರಗೆ ಬಿಸಿಲಲ್ಲಿ ನಿಂತೇ ಇದ್ದ. ಬಾಗಿಲು ತೆಗೆದು, ಅವನ ಎದುರಿಗೇ ಅತ್ತುಬಿಟ್ಟೆ. ಅಂಗಡಿಯಲ್ಲಿ ಅಷ್ಟು ಕೂಗಾಡಿದವನು ಈಗ ಏನು ಮಾಡಬೇಕೋ ತಿಳಿಯದೆ ಗಾಡಿಯ ಕೀಲಿಯನ್ನು ತಿರುವುತ್ತ ನಿಂತ.

ಒಳಗೆ ಕರೆದು ನೀರು ಕೊಟ್ಟು ಕೇಳಿದೆ. ಮಧು ನಿನ್ನೆ ನೇರವಾಗಿ ರಾಮದುರ್ಗಕ್ಕೆ ಹೋಗಿ ಅವರ ತಾಯಿಯ ಕಾಲಿಗೆ ಬಿದ್ದು, ನಮ್ಮಪ್ಪನ ಮಾತಿಗೆ ನಾನು ಕ್ಷಮೆ ಕೇಳುತ್ತೇನೆ ಎಂದನಂತೆ. ಆ ತಾಯಿ ಮಧು, ಕಾಂತೇಶ ಇಬ್ಬರನ್ನೂ ಎದುರು ಬದುರು ಕೂರಿಸಿ ಉಣ್ಣಿಸಿದಳಂತೆ. “ಕಾಲ ಮುರೀತೇನಿ ಅಂದಾಂವಾ ನಾನ ರಿ ಕಾಕು. ಮುಂಜಾನೆ ಅವನ ಕಾಲಿಗೆ ಅರಿಷಿಣಾ ಹಚ್ಚಿದಾಂವನೂ ನಾನ” ಎಂದ ಕಾಂತೇಶ. ನಾಳೆ ಬುದ್ಧ ಹುಣ್ಣಿಮೆ, ಆ ದಿನ ತಪ್ಪಿಸುವುದು ಬೇಡವೆಂದು ನಾಳೆಯೇ ಮದುವೆ. ಸ್ನೇಹಲ್‌ಳ ಕೈತುಂಬ ಮದರಂಗಿ, ಅದಕ್ಕೇ ಅವಳು ಫೋನ್ ಎತ್ತಿರಲಿಲ್ಲ. ಮಧು ಯಾಕೆ ಫೋನ್ ಬಂದ್ ಮಾಡಿದ ಎಂದರೆ, “ನಿಮ್ಮ ದನಿ ಕೇಳಿದರ ಅಳು ಬರತೈತಿ ಅಂತಾನ್ರಿ. ಅದಕ್ಕ ನನ್ನ ಕಳಿಸ್ಯಾನ, ನಮ್ಮವ್ವನ್ನ ಕರಕೊಂಡ ಬಾ ಅಂತ” ಎಂದ.

ಆಮೇಲೆ ಆ ಹುಡುಗ ಸಂಕೋಚದಿಂದ ಕೇಳಿದ: “ನಮ್ಮಾಗ ಲಗ್ನದಾಗ ಕಠಾರಿ ಹಿಡಿಯೂ ಪದ್ಧತಿ ಇಲ್ಲರಿ. ಅಂವ ಕೇಳವಲ್ಲ. ನಮ್ಮಜ್ಜ ಹಿಡದಿದ್ದ, ನಮ್ಮಪ್ಪ ಹಿಡದಿದ್ದ, ಅಪ್ಪ ಬರದಿದ್ದರ ಅಪ್ಪನ ಕಠಾರಿನರ ನನ್ನ ಕೈಯಾಗ ಇರಲಿ ಅಂತಾನ. ಲಗ್ನಾ ಮಾಡಸೂ ಭಂತೇಜಿಯವರು ಬಂದಾಗ ಕೆಳಗ ಇಡತಾನಂತ. ಲಿಂಬಿಹಣ್ಣು ಚುಚ್ಚಿಕೊಂಡು ಕುಂತಾನ. ಹಿಂಗ ಹಿಡಿಯೂದು ಖರೇ ಏನ್ರಿ ಕಾಕು?”

ಈ ಮಾತು ಓದಿಯೂ ನಿಮಗೆ ಏನೂ ಅನಿಸದಿದ್ದರೆ ಪತ್ರವನ್ನು ಇಲ್ಲಿಗೇ ಮಡಚಿಡಿ.

ನನಗೆ ಇದು ಮುಂಜಾನೆಯೇ ಯಾಕೆ ಹೊಳೆಯಲಿಲ್ಲ? ನಮ್ಮ ಕಡೆ ಅರಿಶಿನ ಹಚ್ಚಿಸಿಕೊಂಡ ಮದುಮಗ ಅಕ್ಷತೆ ಬೀಳುವವರೆಗೂ ಕಠಾರಿ ಕೆಳಗಿಡುವುದಿಲ್ಲ, ತುದಿಗೆ ಲಿಂಬೆಹಣ್ಣು ಚುಚ್ಚಿಕೊಂಡೇ ತಿರುಗುತ್ತಾನೆ. ನೀವೂ ನಮ್ಮ ಮದುವೆಯಲ್ಲಿ ಹಾಗೇ ಹಿಡಿದು, ಊಟದ ಪಂಕ್ತಿಯಲ್ಲಿ ನನ್ನ ಸೀರೆಗೆ ರಸ ಸೋರಿಸಿದ್ದಿರಿ. ಯುದ್ಧದಿಂದ ಬಂದ ಚೂರಿಗಳು ಈ ಊರುಗಳಲ್ಲಿ ಗುಜರಿ ಪಾಲಾಗದೆ ಉಳಿದದ್ದೇ ಮದುವೆಗೆ ಬೇಕಾಗುತ್ತಿದ್ದವು ಎಂಬ ಕಾರಣಕ್ಕೆ ಎಂದು ನೀವೇ ಎಲ್ಲರಿಗೂ ಹೇಳುತ್ತೀರಿ. ಕರೆಯದ ಮದುವೆಗೂ ಹೋಗಿ ಮದುಮಗನ ಮುಖ ಬಿಟ್ಟು ಅವನ ಕೈಯನ್ನೇ ನೋಡುತ್ತ ನಿಲ್ಲುವವರು ನೀವು. ಆದರೂ ಗಾಜಿನೊಳಗೆ ಇಟ್ಟ ಮೇಲೆ ಆ ಕಠಾರಿ ನನ್ನ ಕಣ್ಣಿಗೆ ಮದುವೆಯ ವಸ್ತುವಾಗಿ ಉಳಿದಿರಲಿಲ್ಲ. ನನ್ನ ಮಗನಿಗೆ ಉಳಿದಿತ್ತು.

ಇಲ್ಲಿಗೇ ಮುಗಿದಿದ್ದರೆ ನಾನು ಸಕ್ಕರೆ ಹಂಚುತ್ತಿದ್ದೆ. ಕಾಂತೇಶ ಫೋನಿನಲ್ಲಿ ಫೋಟೋ ತೋರಿಸಿದ. ಮಧು ಚಾಪೆಯ ಮೇಲೆ ಕೂತಿದ್ದಾನೆ, ಮುಖವೆಲ್ಲ ಹಳದಿ, ಹಲ್ಲು ಕಾಣುವ ಹಾಗೆ ನಗು. ಕಣ್ಣು ತುಂಬಿ ಬಂತು. ಕೈಯಲ್ಲಿರುವುದನ್ನು ನೋಡಬೇಕೆಂದು ಫೋಟೋ ದೊಡ್ಡದು ಮಾಡಿದೆ. ಹಿಡಿಯ ಮೇಲ್ಭಾಗದಲ್ಲಿ ಸಣ್ಣ ತಗ್ಗು ಕಾಣಿಸಿತು. ಮಾವನವರ ಕಠಾರಿಯ ಹಿಡಿಗೆ ತಗ್ಗಿಲ್ಲ. ತಗ್ಗಿರುವುದು ನೀವು ಸವದತ್ತಿ ಕಡೆಯಿಂದ ತಂದ, ನೋಡಲು ಅದರ ಹಾಗೇ ಇರುವ ಇನ್ನೊಂದಕ್ಕೆ.

ಯಾವುದು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಪಾಲಿನ ಜಗಳದಲ್ಲಿ ಅಣ್ಣ ಒಡಹುಟ್ಟಿದ ತಮ್ಮನ ಹೊಟ್ಟೆಗೆ ಹಾಕಿದ ಕಠಾರಿ ಅದು. ಆ ಮನೆಯ ಮುದುಕಿ ಅದನ್ನು ಮನೆಯಲ್ಲಿ ಇಡಲಾರದೆ, ಮಲಪ್ರಭೆಗೆ ಎಸೆದರೆ ನೀರು ಕುಡಿಯುವವರಿಗೆ ಕೇಡೆಂದು ಹೆದರಿ, ನಿಮ್ಮ ಚೀಲಕ್ಕೆ ಹಾಕಿ ಕೈಮುಗಿದಳು ಎಂದು ನೀವೇ ಹೇಳಿದಿರಿ. ಇಂಥದ್ದು ಮನೆಗೆ ಬೇಡ ಎಂದು ನಾನು ಅತ್ತಾಗ, ಕಬ್ಬಿಣಕ್ಕೆ ಪಾಪ ಪುಣ್ಯ ಇಲ್ಲ ಎಂದಿರಿ. ಯಾರ ಮುಂದೆಯೂ ಬಾಯಿ ಬಿಡಬೇಡ ಎಂದೂ ಹೇಳಿದಿರಿ. ಬಿಡಲಿಲ್ಲ. ಅದಕ್ಕೇ ಮಧುವಿಗೆ ಅದು ಗೊತ್ತಿಲ್ಲ.

ಅದು ಮಾವನವರ ಚೀಟಿಯ ಮೇಲೆ ಹೇಗೆ ಬಂತು? ಕಾಂತೇಶನನ್ನು ಉಣ್ಣಲು ಕೂರಿಸಿ ಕಪಾಟಿನ ಕೆಳಗಿನ ಖಾನೆ ಎಳೆದು ನೋಡಿದೆ. ಹೊಲಿಗೆ ಯಂತ್ರದ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿ, ಹಳೆಯ ಪತ್ರಿಕೆಗಳ ಅಡಿಯಲ್ಲಿ ಮಾವನವರ ಕಠಾರಿ ಇತ್ತು. ತುದಿ ಸವೆದು ಇಲಿ ಕಡಿದ ಹಾಗಿದೆ. ಲಿಂಬೆಯ ಹುಳಿ ತಿಂದದ್ದು. ಮಾವನವರ ಮದುವೆ, ನಿಮ್ಮ ಕಾಕಾಗಳ ಮದುವೆ, ನಮ್ಮ ಮದುವೆ, ಕೇ‍ಳಿ ಒಯ್ದ ಓಣಿಯವರ ಮದುವೆ, ಎಲ್ಲ ಸೇರಿ ತಿಂದದ್ದು. ಆಗ ನೆನಪಾಯಿತು. ಹೋದ ತಿಂಗಳು ಪುಣೆಯಿಂದ ನಿಮ್ಮಂಥವರೇ ಒಬ್ಬರು ಸಂಗ್ರಹ ನೋಡಲು ಬಂದಿದ್ದರು. ಅವರ ಮುಂದೆ ತುಕ್ಕು ಹಿಡಿದ ತುದಿ ತೋರಿಸಲು ನಿಮಗೆ ನಾಚಿಕೆಯಾಗಿದೆ. ಅದನ್ನು ಖಾನೆಗೆ ತುರುಕಿ, ತುದಿ ಚೊಕ್ಕಟವಾಗಿರುವ ಇದನ್ನು ಆ ಜಾಗದಲ್ಲಿ ಇಟ್ಟಿದ್ದೀರಿ. ಆಮೇಲೆ ತಿರುಗಿ ಬದಲಿಸಲು ಮರೆತಿದ್ದೀರಿ, ಅಥವಾ ಮನಸ್ಸಾಗಿಲ್ಲ. ಚಂದ ಕಾಣುತ್ತದೆಂದು ಕೊಲೆಯ ಚೂರಿಗೆ ಹೆತ್ತ ಅಪ್ಪನ ಹೆಸರು ಕಟ್ಟಿದಿರಿ. ಮಗ ನಿಮ್ಮ ಚೀಟಿಯನ್ನು ನಂಬಿ ಅದನ್ನೇ ಒಯ್ದ.

ಈಗ ಅದು ಅವನ ಅರಿಶಿನದ ಕೈಯಲ್ಲಿದೆ. ಇದೆಲ್ಲ ಮೂಢನಂಬಿಕೆ ಎಂದು ನೀವು ಅನ್ನುತ್ತೀರಿ. ಇರಬಹುದು. ನಿಮ್ಮ ಜೊತೆ ವಾದಕ್ಕೆ ಕೂತರೆ ನಾನೂ ಹಾಗೇ ಹೇಳಿಯೇನು. ಆದರೆ ಆ ಕಠಾರಿ ಹಿಡಿದು ನನ್ನ ಮಗ ಮದುವೆಗೆ ಕೂರುವುದನ್ನು ನಾನು ನೋಡಲಾರೆ. ಅದನ್ನು ಕೆಳಗಿಡು ಎಂದು ಫೋನಿನಲ್ಲಿ ಹೇಳಲು ಬರುವುದಿಲ್ಲ. ಯಾಕೆ ಎಂದು ಕೇಳುತ್ತಾನೆ, ಸುತ್ತಲೂ ಜನ ಇರುತ್ತಾರೆ. ಒಬ್ಬರ ಕಿವಿಗೆ ಬಿದ್ದರೂ ಸಾಕು, ನಾಳೆ ಆ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಜನ ಆ ಕಠಾರಿಯ ಕಡೆ ಬೊಟ್ಟು ಮಾಡುತ್ತಾರೆ. ಕೊನೆಗೆ ಅದು ಸ್ನೇಹಲ್‌ಳ ಕಾಲ್ಗುಣ ಎಂದಾಗುತ್ತದೆ. ನಮ್ಮ ಮನೆಯ ತಪ್ಪನ್ನು ಆ ಹುಡುಗಿ ತಲೆಯ ಮೇಲೆ ಹೊರುವುದು ಬೇಡ. ಕಾಂತೇಶನಿಗೂ ಹೇಳಲಿಲ್ಲ. “ಖರೇ ಹಿಡದಾನಪಾ, ಹಂಗ ಹಿಡೀಬೇಕು” ಎಂದಷ್ಟೇ ಅಂದೆ. ಅವನು ಸಮಾಧಾನದಿಂದ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಅದಕ್ಕೇ ನಾನೇ ಹೋಗುತ್ತಿದ್ದೇನೆ. ತನ್ನ ಗಾಡಿಯ ಮೇಲೆ ಬನ್ನಿ ಎಂದ ಕಾಂತೇಶ, ಅವನನ್ನು ಮುಂದೆ ಕಳಿಸಿದೆ. ಸವದತ್ತಿ ಮೇಲೆ ಹೋಗುವ ರಾಮದುರ್ಗದ ಬಸ್ಸಿಗೆ ಹೊರಟಿದ್ದೇನೆ. ಹೆಂಗಸರಿಗೆ ಬಸ್ ಪುಕ್ಕಟೆ, ಆಧಾರ್ ಕಾರ್ಡು ಇದ್ದರೆ ಸಾಕು. ಮಾವನವರ ಕಠಾರಿಯನ್ನು ರೊಟ್ಟಿಯ ಗಂಟಿನೊಳಗೆ ಇಟ್ಟು, ಮೇಲೆ ಶೇಂಗಾ ಚಟ್ನಿಯ ಡಬ್ಬಿ, ಅದರ ಮೇಲೆ ಸ್ನೇಹಲ್‌ಳಿಗೆಂದು ನನ್ನ ಇಳಕಲ್ ಸೀರೆ ಇಟ್ಟಿದ್ದೇನೆ. ಮತದಾನ ಮುಗಿದರೂ ಎಣಿಕೆ ಆಗುವವರೆಗೆ ಪೊಲೀಸರು ಚೀಲ ಬಿಚ್ಚಿಸುತ್ತಾರೆ ಎಂದು ಬಜಾರದಲ್ಲಿ ಮಾತು. ಬಿಚ್ಚಿಸಿದರೆ ಏನು ಹೇಳಲಿ? ಮಗನ ಮದುವೆ ಎಂದು ಹೇಳುತ್ತೇನೆ. ನಂಬದಿದ್ದರೆ ನೀವು ಬಂದು ಬಿಡಿಸಬೇಕಾಗುತ್ತದೆ, ಆಗಲಾದರೂ ಫೋನ್ ಎತ್ತಿ. ಈ ವಯಸ್ಸಿನಲ್ಲಿ ರೊಟ್ಟಿಯ ಗಂಟಿನಲ್ಲಿ ಚೂರಿ ಇಟ್ಟುಕೊಂಡು ಊರಿಂದೂರಿಗೆ ಹೋಗುತ್ತೇನೆಂದು ಯಾವ ಜ್ಯೋತಿಷಿ ಹೇಳಿದ್ದರೂ ನಾನು ನಗುತ್ತಿದ್ದೆ.

ಮುಟ್ಟಿದ ಮೇಲೆ, ಹಳದಿ ತೊಳೆಸುವ ನೆವದಲ್ಲಿ ಅವನನ್ನು ಒಂದು ಕಡೆ ಕರೆದು ಕಠಾರಿ ಬದಲಿಸುತ್ತೇನೆ. ಅಪ್ಪ ಒಳ್ಳೆಯದನ್ನು ತೆಗೆದಿಟ್ಟಿದ್ದರು, ಇದೇ ಅಜ್ಜನದು ಎಂದು ಹೇಳುತ್ತೇನೆ. ಅದರಲ್ಲಿ ಸುಳ್ಳೂ ಇಲ್ಲ. ನಿಮ್ಮ ಮಾನ ಕಾಯುವ ಕೆಲಸ ನನಗೆ ಹೊಸದೇನಲ್ಲ.

ನೀವು ಬರಬೇಕು. ನಾಳೆ ಹನ್ನೊಂದರ ಹೊತ್ತಿಗೆ ಮದುವೆ. ರಾಮದುರ್ಗದಲ್ಲಿ ಇಳಿದು, ಮೋಟರ್ ವೈಂಡಿಂಗ್ ಮಾಡುವ ಕಾಂತೇಶನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಆ ತಾಯಿಗೆ ನಾಲ್ಕು ಜನರ ಮುಂದೆ ತಪ್ಪಾಯಿತು ಎನ್ನುವುದು ನಿಮ್ಮಿಂದ ಆಗದಿದ್ದರೆ, ಸುಮ್ಮನೆ ಬಂದು ಕೂತುಕೊಳ್ಳಿ, ಸಾಕು. ಬರದಿದ್ದರೂ ನಾನು ಬೈಲಹೊಂಗಲಕ್ಕೆ ತಿರುಗಿ ಬಂದು ನಿಮ್ಮ ರೊಟ್ಟಿ ಬಡಿಯುತ್ತೇನೆ, ಹೆದರಬೇಡಿ. ಮಗ ಮಾತ್ರ ಬರುವುದಿಲ್ಲ. ನನಗೆ ಅವನೂ ಬೇಕು, ನೀವೂ ಬೇಕು. ಇಷ್ಟು ಬಿಚ್ಚಿ ನಿಮಗೆ ಹಿಂದೆ ಎಂದೂ ಹೇಳಿರಲಿಲ್ಲ.

ಅಂದಾನೆಪ್ಪ ಹಾರ್ನ್ ಹೊಡೆಯುತ್ತಿದ್ದಾನೆ.

ಸಿಟ್ಟಿನಲ್ಲೂ ನಿಮ್ಮವಳೇ ಆದ,
ಗಂಗಾ

ತಾ. ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಅತ್ತೆಯವರು ಹಾಸಿಗೆ ಹಿಡಿದಾಗ ನನ್ನೊಬ್ಬಳಿಗೇ ಹೇಳಿದ್ದು, ನೀವು ನೊಂದುಕೊಳ್ಳುತ್ತೀರೆಂದು ಇಷ್ಟು ದಿನ ನುಂಗಿದ್ದೆ. ಮಾವನವರು ಇಟಲಿಗೆ ಹೋಗಿರಲಿಲ್ಲ. ಯಾವ ಯುದ್ಧಕ್ಕೂ ಹೋಗಿರಲಿಲ್ಲ. ಬೆಳಗಾವಿಯಲ್ಲಿ ಭರ್ತಿಗೆ ನಿಂತಾಗ ಎದೆಯ ಅಳತೆ ಸಾಲದೆಂದು ತಿರುಗಿ ಕಳಿಸಿದರು, ಯುದ್ಧ ಮುಗಿಯುವವರೆಗೂ ಕ್ಯಾಂಪಿಗೆ ಉಳ್ಳಾಗಡ್ಡಿ ಹಾಕುತ್ತಿದ್ದರು. ಚಿಕ್ಕಂದಿನಲ್ಲಿ ನೀವು ಇಟಲಿ ಎಂದಾಗ ಅವರು ಅಲ್ಲವೆನ್ನಲಿಲ್ಲ, ಅಷ್ಟೇ. ಕಠಾರಿ ಬರ್ಮಾದಿಂದ ತಂದದ್ದು ಸುರೇಬಾನದ ಬಾಳು ಎಂಬಾತ, ಮಹಾರ್ ಪಲ್ಟನ್ನಿನ ಸಿಪಾಯಿ, ಬೌದ್ಧರಾಗುವ ಮೊದಲು ಸ್ನೇಹಲ್‌ಳ ಹಿರಿಯರಿದ್ದ ಜಾತಿಯವನೇ, ಕ್ಯಾಂಪಿನಲ್ಲಿ ಮಾವನವರಿಗೆ ಜೀವದ ಗೆಳೆಯನಾದವನು. ಮಾವನವರ ಮದುವೆಯ ಹಿಂದಿನ ದಿನ ಅವನು ನಮ್ಮ ಹಂದರದ ಹೊರಗೆ ನಿಂತು, “ಸೋಮಪ್ಪ, ಮದುಮಗಾ ಆಗಿ ಕುಡಗೋಲ ಹಿಡೀತಿ ಏನ? ಇದನ್ನ ಹಿಡಿ” ಎಂದು ತನ್ನ ಸೊಂಟದ್ದನ್ನು ಬಿಚ್ಚಿ ಕೊಟ್ಟನಂತೆ. ಮರುದಿನ ಊಟಕ್ಕೆ ಅವನಿಗೆ ಬೇವಿನ ಗಿಡದ ಕೆಳಗೆ, ದನ ಕಟ್ಟುವ ಜಾಗದಲ್ಲಿ ಎಲೆ ಹಾಕಿದರು. ಉಂಡು ಎದ್ದು ಹೋದವನು ಕಠಾರಿ ಕೇಳಲು ಎಂದೂ ಬರಲಿಲ್ಲ. ಕೊಡಲು ಸುರೇಬಾನಕ್ಕೆ ಹೋಗಲು ಮಾವನವರಿಗೆ ಮುಖವಿರಲಿಲ್ಲ. “ಕಠಾರಿ ಒಳಗ ಬಂತವಾ, ತಂದಾಂವ ಹೊರಗ ಕುಂತ” ಎಂದು ಹೇಳಿ ಅತ್ತೆಯವರು ಗೋಡೆಯ ಕಡೆ ತಿರುಗಿ ಮಲಗಿದರು. ನಾಳೆ ರಾಮದುರ್ಗದಲ್ಲಿ ನಿಮಗೆ ಒಳಗೇ ಎಲೆ ಹಾಕುತ್ತಾರೆ. ಬನ್ನಿ.